ಹಾಸನದ ಪಾರ್ಕುಗಳ ನಕ್ಷೆ: ಬೀಗ, ನಲ್ಲಿ, ನೆರಳು

ಹಾಸನದ ಪಾರ್ಕು, ಆಟದ ಮೈದಾನ, ಕೆರೆ ಏರಿ ಎಲ್ಲವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸುವ ಕೆಲಸ ಎಲ್ಲಿಗೆ ಬಂತು ಅಂತ ಕೆಲವರು ಕೇಳುತ್ತಿದ್ದಾರೆ. ಗಡಿಯ ಗೆರೆ ಎಳೆಯುವುದು ಹೆಚ್ಚುಕಡಿಮೆ ಮುಗಿದಿದೆ. ಒಳಗಿನ ವಿವರ ಅರ್ಧದಲ್ಲಿದೆ. ನನಗೀಗ ಆ ಅರ್ಧವೇ ಜಾಸ್ತಿ ಮುಖ್ಯ ಅನ್ನಿಸುತ್ತಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ನಕ್ಷೆ. ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಆದರೆ ಗೂಗಲ್ ಮ್ಯಾಪ್ ನೋಡಿ ಕಾಪಿ ಹೊಡೆಯುವಂತಿಲ್ಲ. ಆ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಬಿಂಗ್‌ನದ್ದೋ ಎಸ್ರಿಯದ್ದೋ ಸ್ಯಾಟಲೈಟ್ ಚಿತ್ರವನ್ನು ಕೆಳಗೆ ಇಟ್ಟುಕೊಂಡು ಗೆರೆ ಎಳೆಯಬಹುದು. ಉಳಿದದ್ದಕ್ಕೆ ನಡೆದೇ ಹೋಗಬೇಕು.

ಬೇಸಿಗೆಯಲ್ಲಿ ಆದದ್ದು

ಎಲ್ಲರಿಗೂ ಗೊತ್ತಿರುವ ಜಾಗಗಳಿಂದ ಶುರು ಮಾಡಿದೆ. ಮಹಾರಾಜ ಪಾರ್ಕ್, ಜಿಲ್ಲಾ ಕ್ರೀಡಾಂಗಣ, ಗೆಂಡೆಕಟ್ಟೆ, ಸತ್ಯಮಂಗಲ ಕೆರೆ. ಇವು ನಕ್ಷೆಯಲ್ಲಿ ಮೊದಲೇ ಇದ್ದವು. ಕನ್ನಡ ಹೆಸರು ಹಾಕುವುದು, ಗೇಟುಗಳನ್ನು ಸರಿಯಾದ ಕಡೆ ಕೂರಿಸುವುದು ಅಷ್ಟೇ ಕೆಲಸ. ಆಮೇಲೆ ವಿದ್ಯಾನಗರ, ಕುವೆಂಪುನಗರ, ಹೇಮಾವತಿನಗರದ ಕಡೆಯ ಸಣ್ಣಪುಟ್ಟ ಪಾರ್ಕುಗಳು, ಕೊನೆಗೆ ರಿಂಗ್ ರಸ್ತೆಯ ಆಚೆಗಿನ ಹೊಸ ಬಡಾವಣೆಗಳು.

ಸಣ್ಣ ಪಾರ್ಕೇ ಕಷ್ಟ. ಮರದ ಕೆಳಗೆ ಫೋನಿನ ಜಿಪಿಎಸ್ ಐದು ಹತ್ತು ಮೀಟರ್ ಆ ಕಡೆ ಈ ಕಡೆ ಓಡುತ್ತದೆ. ಹತ್ತು ಗುಂಟೆ ಪಾರ್ಕು ಅಂದರೆ ಒಂದು ಪಕ್ಕ ಮೂವತ್ತು ಮೀಟರ್ ಚಿಲ್ಲರೆ. ಅದರಲ್ಲಿ ಹತ್ತು ಮೀಟರ್ ತಪ್ಪಿದರೆ ಜೋಕಾಲಿ ಪಕ್ಕದ ಮನೆಯವರ ಕಾರ್ ಶೆಡ್ಡಿನಲ್ಲಿ ಇರುತ್ತದೆ. ಅದಕ್ಕೆ ಗಡಿಯನ್ನು ಸ್ಯಾಟಲೈಟ್ ಚಿತ್ರದಿಂದ ಎಳೆಯುತ್ತೇನೆ. ಫೋನನ್ನು ಗೇಟು, ನಲ್ಲಿ, ಬೆಂಚು ಗುರುತು ಹಾಕಲು ಮಾತ್ರ ಬಳಸುತ್ತೇನೆ. ಅದಕ್ಕೆ ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆ್ಯಪ್ ಸಾಕು, ಅದೇ ಒಂದೊಂದಾಗಿ ಪ್ರಶ್ನೆ ಕೇಳುತ್ತಾ ಹೋಗುತ್ತದೆ. ಬೇಲಿ ಮೇಲೆ ಸಿಲ್ವರ್ ಓಕ್ ಸಾಲು ಇದ್ದ ಕಡೆ ಮೇಲಿನಿಂದ ಏನೂ ಕಾಣುವುದಿಲ್ಲ. ಅಲ್ಲಿ ಟೇಪ್ ಹಿಡಿದೇ ಅಳೆಯಬೇಕಾಯಿತು.

ಗೆರೆ ಮುಗಿದ ಮೇಲೆ ಒಂದು ಲೆಕ್ಕ ಹಾಕುವ ಚಪಲ ಬಂತು. ಕೇಂದ್ರ ಸರ್ಕಾರದ 2014ರ ನಗರ ಯೋಜನೆ ಮಾರ್ಗಸೂಚಿ, ಯುಆರ್‌ಡಿಪಿಎಫ್‌ಐ ಅಂತ ಕರೆಯುತ್ತಾರಲ್ಲ, ಅದರ ಪ್ರಕಾರ ಒಬ್ಬರಿಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕು. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಅಲ್ಲಿಗೆ ಹತ್ತು ಜನಕ್ಕೆ ಒಂದು ಗುಂಟೆ. 2011ರ ಜನಗಣತಿಯಲ್ಲಿ ಸುತ್ತ ಬೆಳೆದ ಭಾಗವೂ ಸೇರಿ ಹಾಸನದಲ್ಲಿ ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ ಜನ ಇದ್ದರು. ಆ ಹಳೇ ಲೆಕ್ಕಕ್ಕೇ 380 ಎಕರೆ ಬೇಕು. ಈಗಿನ ಊರನ್ನು ನೀವೇ ಊಹಿಸಿಕೊಳ್ಳಿ. ನನ್ನ ನಕ್ಷೆಯ ಹಸಿರು ಚೌಕಗಳನ್ನೆಲ್ಲ ಕೂಡಿಸಿದರೆ ಅದರ ಹತ್ತಿರಕ್ಕೂ ಹೋಗಲ್ಲ. ಕೆರೆ ಏರಿಗಳನ್ನು ಸೇರಿಸಿದರೆ ಮರ್ಯಾದೆ ಸ್ವಲ್ಪ ಉಳಿಯುತ್ತದೆ. ಸೇರಿಸಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಮಾಡಿಲ್ಲ.

ಇದು ಯಾರ ಪಾರ್ಕು?

ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ‘ಆಪರೇಟರ್’ ಅಂತ ಒಂದು ಟ್ಯಾಗ್ ಇದೆ. ನೋಡಿಕೊಳ್ಳುವವರು ಯಾರು ಅಂತ ಅಲ್ಲಿ ಬರೆಯಬೇಕು. ಸುಲಭದ ಕೆಲಸ ಅಂದುಕೊಂಡು ಕೊನೆಗೆ ಬಿಟ್ಟಿದ್ದೆ.

ಅಮೆರಿಕದ ಎಷ್ಟೋ ಊರುಗಳಲ್ಲಿ ‘ಪಾರ್ಕ್ಸ್ ಅಂಡ್ ರಿಕ್ರಿಯೇಷನ್’ ಅಂತ ಒಂದೇ ಇಲಾಖೆ ಇರುತ್ತದೆ. ಜೋಕಾಲಿ ಮುರಿದರೂ ಅವರೇ, ಈಜುಕೊಳಕ್ಕೂ ಅವರೇ, ಮರ ಬಿದ್ದರೂ ಅವರೇ. ನಮ್ಮಲ್ಲಿ ಕ್ರೀಡಾಂಗಣ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಮೀಸಲು ಕಾಡು ಅರಣ್ಯ ಇಲಾಖೆಯದ್ದು. ಬಡಾವಣೆ ಮಾಡಿದ್ದು ನಗರಾಭಿವೃದ್ಧಿ ಪ್ರಾಧಿಕಾರವೋ ಖಾಸಗಿಯವರೋ ಆಗಿರಬಹುದು, ಮುಂದೆ ನೋಡಿಕೊಳ್ಳಬೇಕಾದದ್ದು ಸ್ಥಳೀಯ ಸಂಸ್ಥೆ. ಕೆರೆಗೆ ಮತ್ತೊಬ್ಬರು, ಗಿಡ ಬೆಳೆಸಲು ಸಲಹೆ ಬೇಕಾದರೆ ತೋಟಗಾರಿಕೆ ಇಲಾಖೆ. ಸಂಜೆ ವಾಕಿಂಗ್ ಹೋಗುವ ಮನುಷ್ಯನಿಗೆ ಇದೆಲ್ಲ ಒಂದೇ. ದೂರು ಕೊಡಲು ಹೋದಾಗಲೇ ಇವೆಲ್ಲ ಬೇರೆ ಬೇರೆ ಅಂತ ಗೊತ್ತಾಗುವುದು.

ಜಾಸ್ತಿ ಗೋಜಲು ಇರುವುದು ಖಾಸಗಿ ಬಡಾವಣೆಗಳಲ್ಲಿ. ನಿಯಮ ಏನೋ ಸ್ಪಷ್ಟ ಇದೆ. ಬಡಾವಣೆ ಮಾಡುವವರು ರಸ್ತೆ, ಪಾರ್ಕು, ಸಿ.ಎ. ಸೈಟಿನ (ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ) ಜಾಗವನ್ನು ಪ್ರಾಧಿಕಾರಕ್ಕೆ ಪುಕ್ಕಟೆ ಬಿಟ್ಟುಕೊಡಬೇಕು, ಹಕ್ಕು ಬಿಟ್ಟ ಪತ್ರ, ಅಂದರೆ ರಿಲಿಂಕ್ವಿಶ್‌ಮೆಂಟ್ ಡೀಡ್ ಮಾಡಿಕೊಡಬೇಕು. ಎಲ್ಲ ಕೆಲಸ ಮುಗಿದ ಮೇಲೆ ಬಡಾವಣೆ ಊರಿನ ಆಡಳಿತಕ್ಕೆ ಹಸ್ತಾಂತರ ಆಗಬೇಕು. ಈ ಎರಡರ ನಡುವೆ ವರ್ಷಗಟ್ಟಲೆ ಕಳೆಯುವ ಬಡಾವಣೆಗಳು ಇವೆ. ಆ ನಡುವಿನ ಕಾಲದಲ್ಲಿ ಸೈಟು ಮಾರಿದವರು ಕೈ ತೊಳೆದುಕೊಂಡಿರುತ್ತಾರೆ, ತಗೊಳ್ಳಬೇಕಾದವರು ಇನ್ನೂ ತಗೊಂಡಿರುವುದಿಲ್ಲ. ಕಾಂಗ್ರೆಸ್ ಗಿಡ ಎದೆಮಟ್ಟ ಬೆಳೆಯುತ್ತದೆ. ಬಡಾವಣೆಯ ನಕ್ಷೆಯಲ್ಲಿ ಮಾತ್ರ ಅಚ್ಚ ಹಸಿರು ಬಣ್ಣ.

ಅಂಥ ಜಾಗಕ್ಕೆ ನಾನು ‘ಪಾರ್ಕ್’ ಟ್ಯಾಗ್ ಹಾಕುತ್ತಿಲ್ಲ. ಪಾಳು ಜಾಗ ಅಂತಲೇ ಗುರುತು ಮಾಡಿ, ಪಕ್ಕದಲ್ಲಿ ಒಂದು ನೋಟ್ ಬಿಡುತ್ತಿದ್ದೇನೆ. ಈ ಬಗ್ಗೆ ಗೆಳೆಯನೊಬ್ಬನ ಜೊತೆ ಜೋರು ವಾದವೇ ಆಯಿತು. ‘ಪಾರ್ಕ್ ಅಂತ ಹಾಕಿಬಿಡೋ, ನಾಳೆ ಯಾರಾದ್ರೂ ಬೇಲಿ ಹಾಕ್ದಾಗ ಸಾಕ್ಷಿ ಆಗುತ್ತೆ’ ಅನ್ನುವುದು ಅವನ ಮಾತು. ನಕ್ಷೆ ಸಾಕ್ಷಿ ಆಗಲ್ಲ ಕಣೋ, ಕಾಗದ ಸಾಕ್ಷಿ ಅನ್ನುವುದು ನನ್ನದು. ನೆಲದ ಮೇಲೆ ಏನಿದೆಯೋ ಅದನ್ನು ಮಾತ್ರ ಹಾಕಬೇಕು ಅನ್ನುವುದು ಈ ನಕ್ಷೆಯ ಮೂಲ ಕಟ್ಟಳೆ ಕೂಡ.

ಕಾಗದದ ಮಾತು ಬಂತಲ್ಲ, ಅದರ ಬಲ ಸಣ್ಣದಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಡೆಯಲ್ಲ ಅಂದುಬಿಟ್ಟಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣ ಅಂತ ಇವತ್ತಿಗೂ ಪಾರ್ಕಿನ ಜಗಳಗಳಲ್ಲಿ ಅದರ ಹೆಸರು ಬರುತ್ತದೆ. ಅದಕ್ಕೂ ಮುಂಚೆಯೇ, 1985ರಲ್ಲಿ, ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲು ಅಂತಲೇ ಕರ್ನಾಟಕದಲ್ಲಿ ಒಂದು ಕಾಯ್ದೆ ಬಂದಿದೆ. ಸ್ಥಳೀಯ ಸಂಸ್ಥೆ ಇಂಥ ಜಾಗಗಳ ಪಟ್ಟಿ ಮಾಡಿ ಇಡಬೇಕು ಅಂತ ಅದರಲ್ಲಿದೆ.

ಆ ಪಟ್ಟಿ ನೋಡೋಣ ಅಂತ ಒಂದು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇನೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಹತ್ತು ರೂಪಾಯಿ ಶುಲ್ಕ. 30 ದಿನದಲ್ಲಿ ಉತ್ತರ ಬರಬೇಕು. ಬಂದಿಲ್ಲ. ಮೊದಲ ಮೇಲ್ಮನವಿ ಬರೆದು ಇಟ್ಟಿದ್ದೇನೆ, ಈ ವಾರ ಕೊಟ್ಟು ಬರಬೇಕು.

ಸರ್ವೆ ನಂಬರ್ ಬೇಕಾದಾಗ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಉಪಯೋಗಕ್ಕೆ ಬರುತ್ತದೆ. ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಅದರಲ್ಲಿನ ಗಡಿಯನ್ನು ಮಾತ್ರ ನಕ್ಷೆಗೆ ಕಾಪಿ ಮಾಡಬೇಡಿ. ಅನುಮತಿ ಇಲ್ಲದ ಮೂಲದಿಂದ ಎತ್ತಿದರೆ ಮಾಡಿದ್ದೆಲ್ಲ ಅಳಿಸಿ ಹಾಕುತ್ತಾರೆ.

ಬೀಗದ ಕೈ

ಗೆರೆ ಎಳೆದ ಮೇಲೆ ಪಾರ್ಕುಗಳಿಗೆ ಬೇರೆ ಬೇರೆ ಹೊತ್ತಿನಲ್ಲಿ ಹೋಗತೊಡಗಿದೆ. ಆಗ ಗೊತ್ತಾದದ್ದು, ಮಧ್ಯಾಹ್ನದ ಹೊತ್ತು ನಮ್ಮ ಎಷ್ಟೋ ಸಣ್ಣ ಪಾರ್ಕುಗಳು ಬೀಗ ಹಾಕಿಕೊಂಡಿರುತ್ತವೆ ಅಂತ. ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಎಂಟು. ನಕ್ಷೆಯಲ್ಲಿ ಅದನ್ನು 05:30-09:30, 16:00-20:00 ಅಂತ ಬರೆಯುತ್ತೇವೆ. ಈ ಒಂದು ಸಾಲಿನಿಂದ ಪಾರ್ಕು ಯಾರಿಗೆ ಅಂತ ತೀರ್ಮಾನವಾಗುತ್ತದೆ. ವಾಕಿಂಗ್ ಮಾಡುವ ನಿವೃತ್ತರಿಗೆ ತೊಂದರೆ ಇಲ್ಲ. ಸಕಲೇಶಪುರದ ಕಡೆಯಿಂದಲೋ ಅರಕಲಗೂಡಿನಿಂದಲೋ ರೋಗಿಯನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಬಂದು, ರಿಪೋರ್ಟ್ ಬರುವ ತನಕ ಎಲ್ಲಾದರೂ ನೆರಳಲ್ಲಿ ಬುತ್ತಿ ಬಿಚ್ಚಬೇಕು ಅನ್ನುವವರಿಗೆ ಅದು ಮುಚ್ಚಿದ ಗೇಟು.

ಯಾಕೆ ಮುಚ್ಚುತ್ತೀರಿ ಅಂದರೆ ಎಲ್ಲ ಕಡೆಯೂ ಒಂದೇ ಉತ್ತರ. ‘ಕಾಲೇಜ್ ಹುಡುಗ್ರು ಜೋಡಿ ಜೋಡಿ ಬಂದ್ ಕೂತ್ಕತಾರೆ ಸಾ.’ ಕೂತರೆ ಕೂರಲಿ ಬಿಡಿ, ಬೆಂಚು ಹಾಕಿರೋದು ಅದಕ್ಕೇ ಅಲ್ವಾ?

ಒಂದು ಬಡಾವಣೆಯಲ್ಲಿ ಬೀಗದ ಕೈ ಎದುರು ಮನೆಯ ಯಜಮಾನರ ಹತ್ತಿರ ಇದೆ. ಎಂಬತ್ತರ ಹತ್ತಿರದ ವಯಸ್ಸು. ಯಾರೂ ವಹಿಸಿದ ಕೆಲಸ ಅಲ್ಲ. ‘ನಾನೇ ತಗದು ನಾನೇ ಹಾಕ್ತೀನಿ ಕಣಪ್ಪಾ. ನಂಗ್ ಹುಷಾರಿಲ್ದಾಗ ಮಾತ್ರ ಪಾರ್ಕಿಗೂ ರಜ’ ಅಂದರು. ಅವರು ಗೇಟಿನ ಪಕ್ಕ ನೆಟ್ಟ ಸಂಪಿಗೆ ಈಗ ಎರಡಾಳೆತ್ತರ ಇದೆ, ಒಳಗಿನ ಹುಲ್ಲನ್ನೂ ಅವರೇ ಕೂಲಿ ಕೊಟ್ಟು ಕೊಯ್ಯಿಸುತ್ತಾರೆ. ನಾನು ನೋಡಿದ ಸಣ್ಣ ಪಾರ್ಕುಗಳಲ್ಲಿ ಚೊಕ್ಕಟವಾಗಿರುವುದು ಅದೊಂದೇ. ಅವರ ನಂತರ ಅದು ಹೇಗಿರುತ್ತದೋ. ‘ಆಪರೇಟರ್’ ಅನ್ನುವ ಕಡೆ ಅವರ ಹೆಸರು ಹಾಕುವಂತಿಲ್ಲ, ಖಾಸಗಿಯವರ ಹೆಸರು ನಕ್ಷೆಯಲ್ಲಿ ಬರಬಾರದು. ಹಾಗಾಗಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ದುಡ್ಡಿನ ಕಥೆಯೂ ಇಲ್ಲೇ ಸೇರುತ್ತದೆ. 2015ರಲ್ಲಿ ಕೇಂದ್ರದ ಅಮೃತ್ ಯೋಜನೆ ಬಂದಾಗ ಪಟ್ಟಿಯಲ್ಲಿ ಹಾಸನವೂ ಇತ್ತು, ಚಿಕ್ಕಮಗಳೂರೂ ಇತ್ತು. ಅದರ ಹಣ ಬಹುಪಾಲು ಕುಡಿಯುವ ನೀರು, ಒಳಚರಂಡಿಗೆ. ಪಾರ್ಕಿಗೆ ಅಂತ ಹೆಚ್ಚೆಂದರೆ ಶೇ. 2.5. ಅಂಥ ಹಣದಲ್ಲಿ ಕಾಂಪೌಂಡ್, ಪೇವರ್ ಬ್ಲಾಕ್, ಓಪನ್ ಜಿಮ್ ಮಾಡಿಸಬಹುದು. ಮಾಲಿಯ ಸಂಬಳ ಪ್ರತಿ ತಿಂಗಳೂ ಬೇಕು, ಅದಕ್ಕೆ ಯಾವ ಶಂಕುಸ್ಥಾಪನೆಯೂ ಇರಲ್ಲ.

ಮಳೆಗಾಲದಲ್ಲಿ ಆದದ್ದು

ಜೂನ್ ಆದಮೇಲೆ ಕೆಲಸ ನಿಧಾನವಾಯಿತು. ‘ಬಡವರ ಊಟಿ’ ಅಂತ ಹಾಸನವನ್ನು ಕರೆಯುವುದು ಸುಮ್ನೆ ಅಲ್ಲ. ಜಿಟಿಜಿಟಿ ಮಳೆ ಹಿಡಿದರೆ ಫೋನ್ ಹೊರಗೆ ತೆಗೆಯಲು ಆಗಲ್ಲ. ಆದರೆ ಬೇಸಿಗೆಯಲ್ಲಿ ಕಾಣದ್ದು ಮಳೆಯಲ್ಲಿ ಕಂಡಿತು. ಎಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಮೊದಲನೆಯದು. ಜಾರುಬಂಡೆಯ ಕೆಳಗೆ, ಜೋಕಾಲಿಯ ಕೆಳಗೆ, ಅಂದರೆ ಮಕ್ಕಳ ಕಾಲು ತಾಗಿ ಗುಂಡಿ ಬಿದ್ದ ಕಡೆಯೇ ನೀರು. ಕೆಲವು ಕಡೆ ಆ ಗುಂಡಿಗೆ ಪರಿಹಾರ ಅಂತ ಸಿಮೆಂಟ್ ಹಾಕಿಬಿಟ್ಟಿದ್ದಾರೆ.

ಇದು ನಿಜಕ್ಕೂ ಅಪಾಯ. ಮಕ್ಕಳು ಬಿದ್ದೇ ಬೀಳುತ್ತಾರೆ. ಬಿದ್ದಾಗ ಕೆಳಗೆ ಏನಿದೆ ಅನ್ನುವುದು ಮುಖ್ಯ. ಗ್ರಾಹಕರ ಬಳಕೆಯ ವಸ್ತುಗಳ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಸಿಪಿಎಸ್‌ಸಿಯ ಆಟದ ಮೈದಾನಗಳ ಕೈಪಿಡಿಯಲ್ಲಿ ನಾಲ್ಕು ಅಡಿ ಎತ್ತರದಿಂದ ಬೀಳುವ ಕಡೆ ಒಂಬತ್ತು ಇಂಚು ಮರಳು ಇರಬೇಕು ಅಂತಿದೆ. ತುಳಿದು ತುಳಿದು ಅದು ಕಾಲು ಭಾಗ ಕುಸಿಯುವುದರಿಂದ ಮೊದಲೇ ಹನ್ನೆರಡು ಇಂಚು ತುಂಬಿಸಬೇಕು. ಹುಲ್ಲು, ಗಟ್ಟಿ ಮಣ್ಣು ಲೆಕ್ಕಕ್ಕೇ ಇಲ್ಲ. ಸಿಮೆಂಟ್ ಮಾತಂತೂ ಕೇಳಲೇಬೇಡಿ. ಮರಳಿಗೆ ಈಗ ಚಿನ್ನದ ಬೆಲೆ ಅಂತೀರಾ, ಸರಿ. ನಮ್ಮ ಜಿಲ್ಲೆಯಲ್ಲಿ ಮರ ಕೊಯ್ಯುವ ಮಿಲ್ಲುಗಳಿಗೆ ಬರ ಇಲ್ಲ. ಮರದ ಚಕ್ಕೆ ಮರಳಿಗಿಂತ ಒಳ್ಳೆಯದು: ಅದೇ ಒಂಬತ್ತು ಇಂಚು ಚಕ್ಕೆ ಇದ್ದರೆ ಹತ್ತು ಅಡಿ ಎತ್ತರದ ತನಕ ಸಾಕು ಅಂತ ಅದೇ ಕೈಪಿಡಿ ಹೇಳುತ್ತದೆ. ಮಳೆಗಾಲ ಮುಗಿದ ಮೇಲೆ ಬದಲಾಯಿಸಬೇಕಾಗುತ್ತದೆ, ಅಷ್ಟೇ.

ನಕ್ಷೆಯಲ್ಲಿ ಆಟದ ಜಾಗಕ್ಕೆ ‘ಸರ್ಫೇಸ್’ ಟ್ಯಾಗ್ ಇದೆ. ಮರಳು, ಮಣ್ಣು, ಸಿಮೆಂಟ್, ಪೇವರ್ ಅಂತ ಒಂದೊಂದನ್ನೂ ತುಂಬಿಸುತ್ತಿದ್ದೇನೆ. ಎಲ್ಲ ಸೇರಿಸಿ ಬಣ್ಣ ಹಾಕಿ ಒಂದು ಚಿತ್ರ ಮಾಡಿದರೆ ವಾರ್ಡಿನವರಿಗೆ ತೋರಿಸಲು ಅನುಕೂಲ. ದೂರಿನ ಕಾಗದಕ್ಕಿಂತ ಚಿತ್ರವನ್ನು ಜನ ಜಾಸ್ತಿ ಹೊತ್ತು ನೋಡುತ್ತಾರೆ.

ನಲ್ಲಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. ನಲ್ಲಿ ಇದೆ ಅಂತ ಬರೆಯುವುದು ಬೇರೆ, ನೀರು ಬರುತ್ತದೆ ಅಂತ ಬರೆಯುವುದು ಬೇರೆ. ನೀರು ಬಂದದ್ದನ್ನು ನೋಡಿದರೆ ಮಾತ್ರ ಹಾಕುತ್ತೇನೆ, ನೋಡಿದ ದಿನಾಂಕದ ಜೊತೆ.

ಮುಂದೆ

ದೀಪಾವಳಿಗೆ ಮುಂಚೆ ಶೌಚಾಲಯಗಳನ್ನು ಮುಗಿಸಬೇಕು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆದರೆ ಊರಿಗೆ ಊರೇ ಹೊರಗಿನವರಿಂದ ತುಂಬಿ ಹೋಗುತ್ತದೆ. ಸರತಿ ಸಾಲಿನಿಂದ ಹೊರಬಂದವರು ಮೊದಲು ಕೇಳುವುದು ಶೌಚಾಲಯ ಎಲ್ಲಿ, ಸ್ವಲ್ಪ ಕೂರಲು ಜಾಗ ಎಲ್ಲಿ ಅಂತ. ನಕ್ಷೆಯಿಂದ ಒಂದು ಪುಟದ ಚಿತ್ರ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಹಂಚುವ ಯೋಚನೆ ಇದೆ.

ಹೆಂಗಸರ ಶೌಚಾಲಯಗಳನ್ನು ತಂಗಿ ಮತ್ತು ಅವಳ ಗೆಳತಿಯರು ನೋಡುತ್ತಿದ್ದಾರೆ. ನಾನು ಬರೆದುಕೊಟ್ಟ ಪಟ್ಟಿಯಲ್ಲಿ ಇದೆಯೋ ಇಲ್ಲವೋ, ದುಡ್ಡು ಕೊಡಬೇಕೋ ಬೇಡವೋ ಅಂತ ಮಾತ್ರ ಇತ್ತು. ಒಳಗೆ ಚಿಲಕ ಇದೆಯಾ, ಬಲ್ಬ್ ಇದೆಯಾ, ಸಂಜೆ ಏಳರ ಮೇಲೆ ಅಲ್ಲಿಗೆ ಹೋಗಲು ಧೈರ್ಯ ಬರುತ್ತದಾ ಅನ್ನುವ ಕಾಲಂಗಳನ್ನು ಅವರೇ ಸೇರಿಸಿಕೊಂಡರು. ಕೊನೆಯದ್ದಕ್ಕೆ ನಕ್ಷೆಯಲ್ಲಿ ಟ್ಯಾಗ್ ಇಲ್ಲ, ಹಂಚುವ ಚಿತ್ರದಲ್ಲಿ ಮಾತ್ರ ಹಾಕುತ್ತೇವೆ.

ಸಾಲಗಾಮೆ ರಸ್ತೆ ಕಡೆಯ ಹೊಸ ಬಡಾವಣೆಗಳು ಇನ್ನೂ ಬಾಕಿ. ಆ ಕಡೆ ಇರುವವರು ನಿಮ್ಮ ಪಾರ್ಕಿನ ಗೇಟಿನ ಬೋರ್ಡಿನ ಫೋಟೊ ತೆಗೆದು ಕಳಿಸಿದರೆ ದೊಡ್ಡ ಉಪಕಾರ. ಬೋರ್ಡ್ ಇಲ್ಲದಿದ್ದರೆ ಬೀಗದ್ದಾದರೂ ಸರಿ, ಫೋಟೊ ಎಷ್ಟು ಹೊತ್ತಿಗೆ ತೆಗೆದದ್ದು ಅಂತ ಬರೆಯಿರಿ. ಫೋಟೊದಲ್ಲಿ ಜನರ ಮುಖ ಬರದ ಹಾಗೆ ನೋಡಿಕೊಳ್ಳಿ, ಅದರಲ್ಲೂ ಮಕ್ಕಳದ್ದು.