ಮಡಿಕೇರಿ ರಾತ್ರಿ ಎಣಿಕೆ: ಮೂರು ಸುತ್ತು ಆಯ್ತು, ಲೆಕ್ಕ ಇನ್ನೂ ಆಗಿಲ್ಲ

ಎಣಿಸೋದು ನನ್ನ ಹಳೇ ಚಟ. ಇಷ್ಟು ವರ್ಷ ಬೆಳಿಗ್ಗೆ ಎದ್ದು ತೋಟದಲ್ಲಿ ಹಕ್ಕಿ ಎಣಿಸುತ್ತಿದ್ದೆ. ಈ ಚಳಿಗಾಲ ಮನುಷ್ಯರನ್ನು ಎಣಿಸಲು ಹೊರಟೆ. ಮಡಿಕೇರಿಯಲ್ಲಿ ರಾತ್ರಿ ಸೂರಿಲ್ಲದೆ ಮಲಗುವವರು ಎಷ್ಟು ಜನ? ಎರಡು ರಾತ್ರಿಯ ಕೆಲಸ ಅಂದುಕೊಂಡಿದ್ದೆ. ಹಕ್ಕಿಯೇ ವಾಸಿ.

ಶುರುವಾಗಿದ್ದು ಒಂದು ಸುಮ್ನೆ ಮಾತಿನಿಂದ. ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನ ಮಲಗುವಷ್ಟು ರಾತ್ರಿ ವಸತಿ ಇರಬೇಕು ಅನ್ನುವುದು ಸರ್ಕಾರಿ ಯೋಜನೆಯೊಂದು ಇಟ್ಟಿದ್ದ ಅಳತೆ. 2011ರ ಗಣತಿಯಲ್ಲಿ ಮಡಿಕೇರಿಯಲ್ಲಿ ಇದ್ದದ್ದು ಸುಮಾರು 33 ಸಾವಿರ ಜನ. ಹಾಗಾದರೆ 33 ಹಾಸಿಗೆ. "ಅಷ್ಟು ಜನ ಇದ್ದಾರಾ ಇಲ್ಲಿ?" ಅಂತ ಮಾವನ ಮಗ ಕೇಳಿದ. ನನಗೂ ಗೊತ್ತಿರಲಿಲ್ಲ.

ಯಾರನ್ನು ಎಣಿಸಬೇಕು ಅನ್ನುವುದಕ್ಕೆ ಜನಗಣತಿಯವರ ವಿವರಣೆಯನ್ನೇ ಹಿಡಿದೆ. ಅವರು 2011ರಲ್ಲಿ ಫೆಬ್ರವರಿ 28ರ ರಾತ್ರಿ, ಒಂದೇ ರಾತ್ರಿಯಲ್ಲಿ, ದೇಶದಲ್ಲಿ ಸುಮಾರು 17.7 ಲಕ್ಷ ಮನೆಯಿಲ್ಲದವರನ್ನು ಲೆಕ್ಕ ಹಾಕಿದ್ದರು. ಎಲ್ಲಿ ಹುಡುಕಬೇಕು ಅಂತ ಪಟ್ಟಿಯೂ ಇದೆ: ರಸ್ತೆ ಬದಿ, ಫುಟ್‌ಪಾತ್, ದೊಡ್ಡ ಸಿಮೆಂಟ್ ಪೈಪಿನೊಳಗೆ, ಫ್ಲೈಓವರ್ ಕೆಳಗೆ, ಮೆಟ್ಟಿಲ ಕೆಳಗೆ, ದೇವಸ್ಥಾನದ ಅಂಗಳ, ಮಂಟಪ, ರೈಲ್ವೆ ಪ್ಲಾಟ್‌ಫಾರಂ. ರೈಲನ್ನು ಮೊದಲೇ ಹೊಡೆದು ಹಾಕಿದೆ, ಕೊಡಗಿಗೆ ರೈಲೇ ಇಲ್ಲವಲ್ಲ. ಫ್ಲೈಓವರೂ ಹೋಯಿತು. ಮೆಟ್ಟಿಲು ಮಾತ್ರ ಉಳಿಯಿತು. ಗುಡ್ಡದ ಮೇಲಿನ ಊರು, ಎಲ್ಲಿ ನೋಡಿದರೂ ಮೆಟ್ಟಿಲೇ.

ಯಾವ ರಾತ್ರಿ ಅನ್ನೋದು ಇನ್ನೊಂದು ತಲೆನೋವು. ದಸರಾದ ದಶಮಂಟಪದ, ಅಂದರೆ ಹತ್ತು ಮಂಟಪಗಳ ಮೆರವಣಿಗೆಯ ರಾತ್ರಿ ಎಣಿಸಿದರೆ ಅರ್ಧ ಜಿಲ್ಲೆಯೇ ರಸ್ತೆಯಲ್ಲಿರುತ್ತದೆ. ಗುರುವಾರ ರಾತ್ರಿಯೂ ಬೇಡ, ಮರುದಿನದ ಸಂತೆಗೆ ಬಂದವರು ಸರಕಿನ ಪಕ್ಕದಲ್ಲೇ ಮಲಗಿರುತ್ತಾರೆ. ಮಳೆಗಾಲದಲ್ಲಿ ಬಯಲಲ್ಲಿ ಯಾರೂ ಕಾಣುವುದಿಲ್ಲ. ಹಾಗಂತ ಅವರಿಗೆ ಮನೆ ಬಂತು ಅಂತ ಅಲ್ಲವಲ್ಲ. ಕೊನೆಗೆ ಜನವರಿಯ ಮಂಗಳವಾರಗಳನ್ನು ಆರಿಸಿದೆ. ಕಾಫಿ ಕೊಯ್ಲಿನ ಕಾಲ, ಹೊರಗಿನಿಂದ ಬಂದ ಕೆಲಸಗಾರರು ಜಾಸ್ತಿ. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡೆ.

ಮೊದಲ ಸುತ್ತು

ನಾನು, ಮಾವನ ಮಗ, ಮತ್ತೆ ನಮ್ಮ ಓಣಿಯ ಆಟೋ ಅಣ್ಣ. ಒಂಬತ್ತೂವರೆಗೆ ಹೊರಟೆವು. ಮೊದಲ ತಪ್ಪು ಅದೇ. ಅಂಗಡಿ ಶಟರ್ ಎಳೆದು, ಬೀಟ್ ಪೊಲೀಸರು ಒಂದು ರೌಂಡ್ ಹೋದ ಮೇಲೇ ಜನ ಮೈ ಚಾಚುವುದು. ಮನೆಗೆ ಹೋಗಿ ಕಾಫಿ ಕುಡಿದು ಹನ್ನೆರಡೂವರೆಗೆ ಮತ್ತೆ ಬಂದೆವು.

ಖಾಸಗಿ ಬಸ್ ನಿಲ್ದಾಣ, ಮಾರುಕಟ್ಟೆ, ಮಹದೇವಪೇಟೆ, ಓಂಕಾರೇಶ್ವರ ದೇವಸ್ಥಾನದ ಕಡೆ, ಕೋಟೆ ಗೋಡೆಯ ಪಕ್ಕ. ಎಣಿಸಿದ್ದು 17. ಅದರಲ್ಲಿ ಮೂರಕ್ಕೆ ಪ್ರಶ್ನೆ ಚಿಹ್ನೆ. ತಲೆಯಿಂದ ಕಾಲಿನ ತನಕ ಕಂಬಳಿ ಹೊದ್ದರೆ ಮನುಷ್ಯನೋ ಮೂಟೆಯೋ ತಿಳಿಯುವುದಿಲ್ಲ. ಎಳೆದು ನೋಡುವ ಹಾಗೂ ಇಲ್ಲ. ಒಂದೇ ಕಂಬಳಿಯಲ್ಲಿ ಇಬ್ಬರಿದ್ದರೆ ಅದೂ ಗೊತ್ತಾಗುವುದಿಲ್ಲ. ಟಾರ್ಚ್ ಮುಖಕ್ಕೆ ಬಿಡಬಾರದು, ಫೋಟೋ ತೆಗೆಯಬಾರದು ಅಂತ ನಾವೇ ಹಾಕಿಕೊಂಡ ನಿಯಮ.

ಎಚ್ಚರ ಇದ್ದವರನ್ನು ಮಾತ್ರ ಮಾತಾಡಿಸಿದೆವು. "ನಿಮಗೆ ಮನೆ ಇದೆಯಾ?" ಅಂತ ಕೇಳಿದೆ. ಒಬ್ಬರು ಎದ್ದು ಕೂತು, "ಯಾಕ್ ಸಾರ್ ಇಲ್ದೆ? ಪಿರಿಯಾಪಟ್ಟಣದ ಹತ್ರ ಊರು. ಮನೆ, ಹೆಂಡ್ತಿ, ಎಲ್ಲ ಇದಾರೆ" ಅಂದರು. ಊರಿಗೆ ಹೋಗಿ ಎಷ್ಟು ದಿನ ಆಯ್ತು ಅಂದರೆ, ನಾಲ್ಕು ವರ್ಷ. ಇವರನ್ನು ಯಾವ ಕಾಲಂಗೆ ಹಾಕೋದು? ತಪ್ಪು ಅವರದಲ್ಲ, ನನ್ನ ಪ್ರಶ್ನೆಯದು. "ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ? ಮೊನ್ನೆ?" ಅಂತ ಬದಲಾಯಿಸಿದೆ. ಆಮೇಲೆ ಉತ್ತರ ಸಲೀಸಾಗಿ ಬಂತು.

17ರಲ್ಲಿ ಹೆಂಗಸರು ಇಬ್ಬರೇ. ಅದು ನಂಬುವ ಮಾತಲ್ಲ. ವಾಪಸ್ ಬರುವಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ನಡುವಯಸ್ಸಿನ ಒಬ್ಬರು ಬ್ಯಾಗ್ ತಬ್ಬಿಕೊಂಡು ನೆಟ್ಟಗೆ ಕೂತಿದ್ದರು. "ಬೆಳಗಿನ ಬಸ್ಸಿಗೆ" ಅಂದರು. ಪ್ರಯಾಣಿಕರು ಅಂತ ಬಿಟ್ಟೆವು.

ಎರಡನೇ ಸುತ್ತು, ಮತ್ತೆ ಹುಲಿ

ಒಂದು ಸಲ ಎಣಿಸಿದರೆ ಕಂಡವರ ಲೆಕ್ಕ ಸಿಗುತ್ತದೆ. ಕಾಣದವರದು? ಇದಕ್ಕೆ ಉಪಾಯ ನಮ್ಮ ನಾಗರಹೊಳೆಯಲ್ಲೇ ಇದೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಅಲ್ಲಿ ಹುಲಿ ಎಣಿಸಿದ್ದು ಹಾಗೆಯೇ. ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಗುರುತು ಹಿಡಿದು, ಎಷ್ಟು ಹುಲಿ ಮತ್ತೆ ಮತ್ತೆ ಸಿಕ್ಕವು ಅಂತ ನೋಡುವುದು. ಸಿಕ್ಕವೇ ಸಿಗುತ್ತಿದ್ದರೆ ಕಾಡಿನಲ್ಲಿ ಇರುವುದು ಸ್ವಲ್ಪವೇ. ಪ್ರತಿ ಸಲ ಹೊಸದು ಸಿಕ್ಕರೆ ಕಾಣದ್ದು ಇನ್ನೂ ಬೇಕಾದಷ್ಟಿದೆ. ಮನೆಯಿಲ್ಲದವರ ಲೆಕ್ಕಕ್ಕೂ ಬೇರೆ ದೇಶಗಳಲ್ಲಿ ಈ ಗಣಿತ ಬಳಸಿದ್ದಾರೆ.

ಮುಂದಿನ ಮಂಗಳವಾರ ಅದೇ ದಾರಿ, ಅದೇ ಹೊತ್ತು. ಸಿಕ್ಕವರು 15. ಹಿಂದಿನ ವಾರದವರು 6. ಈ 15ರಲ್ಲಿ 6 ಹಳಬರು ಅಂದರೆ, ಊರಿನ ಒಟ್ಟು ಲೆಕ್ಕದಲ್ಲೂ ಮೊದಲ 17ರ ಪಾಲು ಅಷ್ಟೇ ಅಂತ ಹಿಡಿಯುವುದು. ಹದಿನೇಳನ್ನು ಹದಿನೈದರಿಂದ ಗುಣಿಸಿ ಆರರಿಂದ ಭಾಗಿಸಿದರೆ ಒಟ್ಟು 42ಕ್ಕೆ ಸ್ವಲ್ಪ ಮೇಲೆ. ಆಟೋದಲ್ಲೇ ಕೂತು ಲೆಕ್ಕ ಮಾಡಿ ಖುಷಿಪಟ್ಟೆ.

ಖುಷಿ ಬೆಳಗಿನ ತನಕವೂ ಉಳಿಯಲಿಲ್ಲ. ಹುಲಿಗೆ ಪಟ್ಟೆ ಇದೆ, ಬದಲಾಗುವುದಿಲ್ಲ. ನಾನು ಗುರುತಿಗೆ ಇಟ್ಟುಕೊಂಡಿದ್ದು ಕಂಬಳಿಯ ಬಣ್ಣ, ಮಲಗುವ ಜಾಗ. ಹಸಿರು ಕಂಬಳಿ ಈ ವಾರ ಬೇರೆಯವರ ಮೈಮೇಲಿತ್ತು. ಆಟೋ ಅಣ್ಣನ ಪ್ರಕಾರ ನಾನು ಹೊಸಬರು ಅಂತ ಬರೆದವರಲ್ಲಿ ಇಬ್ಬರು ಹಳಬರೇ, ಜಾಗ ಬದಲಿಸಿದ್ದರು ಅಷ್ಟೆ. ಆರು ಎಂಟಾದರೆ ಉತ್ತರ 32ಕ್ಕೆ ಇಳಿಯುತ್ತದೆ. ಇಬ್ಬರ ಗುರುತಿನಲ್ಲಿ ಎಡವಿದ್ದಕ್ಕೆ ಹತ್ತು ಜನ ಹೆಚ್ಚು ಕಡಿಮೆ! ಸಣ್ಣ ಊರಿನ ಕಷ್ಟ ಇದು. ಇನ್ನು, ವಾರದ ನಡುವೆ ಯಾರೂ ಬರಬಾರದು ಹೋಗಬಾರದು ಅನ್ನುವುದು ಈ ಗಣಿತದ ಷರತ್ತು. ಕೊಯ್ಲಿನ ಕಾಲದಲ್ಲಿ, ಬಸ್ ನಿಲ್ದಾಣದಲ್ಲಿ, ಅದನ್ನು ಯಾರಿಗೆ ಹೇಳೋದು?

ಬೆಂಚಿನ ಮೇಲೆ ಅದೇ ಹೆಂಗಸು. ಅದೇ ಬ್ಯಾಗ್. "ಬೆಳಗಿನ ಬಸ್ಸಿಗೆ."

ಮೂರನೇ ಸುತ್ತು

ನ್ಯೂಯಾರ್ಕ್‌ನಲ್ಲಿ ಎಣಿಕೆಯ ರಾತ್ರಿ ತಮ್ಮದೇ ಕೆಲವರನ್ನು ಬೀದಿಯಲ್ಲಿ ಕೂರಿಸಿ, ಎಣಿಸುವವರು ಅವರಲ್ಲಿ ಎಷ್ಟು ಜನರನ್ನು ಹಿಡಿಯುತ್ತಾರೆ ಅಂತ ಪರೀಕ್ಷೆ ಮಾಡುತ್ತಾರೆ. ಎಲ್ಲರೂ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ನಾನೂ ಮಾಡಿದೆ. ಆಟೋ ಅಣ್ಣನಿಗೆ ಹೇಳದೆ ಮಾವನ ಮಗನನ್ನು ಒಂದು ಮೆಟ್ಟಿಲ ಕೆಳಗೆ ಕಂಬಳಿ ಹೊದೆಸಿ ಮಲಗಿಸಿದೆ. ಅಣ್ಣ ಹತ್ತಡಿ ದೂರದಲ್ಲಿ ಹಾದು ಹೋದರು, ಕಾಣಲಿಲ್ಲ. ಊರಿನ ಮೂಲೆಮೂಲೆ ಬಲ್ಲವರು ಅವರು. ಮಾವನ ಮಗನಿಗೆ ಶೀತ ಹಿಡಿದು ಅತ್ತೆ ನನಗೆ ಬೈದಿದ್ದು ಬೇರೆ ಕಥೆ.

ಆ ವಾರವೇ ಹಗಲು ಹೊತ್ತು ಸಿದ್ದಾಪುರದ ಕಡೆ ಹೋಗಿದ್ದೆ. ಅಲ್ಲಿ ನನ್ನ ವಿವರಣೆಯೇ ಕೈಕೊಟ್ಟಿತು. ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರಿಗೆ ತೋಟದವರು ಕೊಡುವ ಸಾಲು ಮನೆಯಲ್ಲಿ ಹುಟ್ಟಿ, ಅಲ್ಲೇ ಮುದುಕರಾದವರಿದ್ದಾರೆ. ಕೆಲಸ ಹೋದರೆ ಮನೆಯೂ ಹೋಯಿತು. ಆದರೆ ಗೋಡೆ ಇದೆ, ಸೂರು ಇದೆ, ಹಾಗಾಗಿ ಎಣಿಕೆಯಲ್ಲಿ ಅವರು ಮನೆಯಿರುವವರು. 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯದೇ ದಿಡ್ಡಳ್ಳಿಯಲ್ಲಿ 577 ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಗುಡಿಸಲು ನಿಂತಿದ್ದಾಗ ಬಂದವರ ಪುಸ್ತಕದಲ್ಲಿ ಅವರು ಒಂದು ಕಾಲಂ, ಕೆಡವಿದ ಮರುದಿನ ಬಂದವರ ಪುಸ್ತಕದಲ್ಲಿ ಇನ್ನೊಂದು. ಜನ ಅವರೇ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಪರಿಹಾರ ಕೇಂದ್ರಗಳಲ್ಲಿ ಇದ್ದವರ ಹೆಸರಾದರೂ ಪಟ್ಟಿಯಲ್ಲಿತ್ತು. ನೆಂಟರ ಮನೆಯ ಜಗುಲಿಯಲ್ಲಿ ಮಲಗಿದವರನ್ನು ಯಾವ ಆಟೋದಲ್ಲಿ ಹೋಗಿ ಎಣಿಸಲಿ?

ಸದ್ಯಕ್ಕೆ ಪುಸ್ತಕದಲ್ಲಿ ಬರೆದದ್ದು ಹೀಗೆ: "ಜನವರಿ, ಮಂಗಳವಾರ, ನಡುರಾತ್ರಿ, ಮಳೆ ಇಲ್ಲ, ಲೈನ್ ಮನೆ ಬಿಟ್ಟು, 30ರಿಂದ 45." ಒಂದೇ ಸಂಖ್ಯೆ ಬರೆಯಲು ಕೈ ಬರಲಿಲ್ಲ. 33 ಅಂತ ಬರೆದರೆ ಯೋಜನೆಗೆ ಸರಿಹೊಂದುತ್ತದೆ ಅಂತ ಮಾವನ ಮಗ ತಮಾಷೆ ಮಾಡುತ್ತಾನೆ.

ಮುಂದಿನ ಸುತ್ತು ಫೆಬ್ರವರಿ 28ಕ್ಕೆ, ಗಣತಿಯವರ ರಾತ್ರಿಯೇ. ಮಳೆಗಾಲದಲ್ಲಿ ಇನ್ನೊಂದು. ಈ ಸಲ ಬೆಂಚುಗಳಿಗೂ ಒಂದು ಕಾಲಂ ಹಾಕಿದ್ದೇನೆ, ಕೂತಿರುವವರಿಗೆ. ಮೂರನೇ ರಾತ್ರಿ ಆ ಹೆಂಗಸಿಗೆ ನಾನು ಏನೂ ಕೇಳಲಿಲ್ಲ. ಅವರೇ ಕೇಳಿದರು: "ನೀವು ಯಾವ ಬಸ್ಸಿಗೆ ಸಾರ್, ವಾರಾ ವಾರಾ ಕಾಯೋದು?"