ಮರಿ ಡ್ರ್ಯಾಗನ್ ಲಾಗ್: ಅವತ್ತು ನೆಟ್ ಸ್ಲೋ ಇರಲಿಲ್ಲ

ಮೊದಲ ವಾರ

2018ರ ಸೆಪ್ಟೆಂಬರ್ 14, ಶುಕ್ರವಾರ. ನೆಟ್‌ಫ್ಲಿಕ್ಸ್‌ನಲ್ಲಿ ‘ದ ಡ್ರ್ಯಾಗನ್ ಪ್ರಿನ್ಸ್’ ಅನ್ನುವ ಅನಿಮೇಷನ್ ಸರಣಿಯ ಮೊದಲ ಸೀಸನ್ ಬಂದ ದಿನ. ಆಗ ನಾನು ಬೆಂಗಳೂರಿನ ಒಂದು ಪಿಜಿಯಲ್ಲಿದ್ದೆ. ಮೊದಲ ಎಪಿಸೋಡ್ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಎದ್ದು ಹೋಗಿ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಪಾತ್ರಗಳು ತಲೆ ತಿರುಗಿಸಿದರೆ ತಡೆದು ತಡೆದು ತಿರುಗುತ್ತಿದ್ದವು. ನಡೆದರೆ ಹಳ್ಳದ ರಸ್ತೆಯಲ್ಲಿ ಬಸ್ಸು ಹೋದ ಹಾಗೆ. ನೆಟ್ ಸ್ಲೋ ಇದೆ ಅಂದುಕೊಂಡೆ. ರೂಟರ್ ತಪ್ಪೇನೂ ಇರಲಿಲ್ಲ. ಸರಣಿಯೇ ಹಾಗಿತ್ತು.

ನನ್ನ ಹಾಗೆ ಮೋಸಹೋದವರು ತುಂಬಾ ಜನ ಅಂತ ಆ ರಾತ್ರಿಯೇ ಗೊತ್ತಾಯಿತು. ಕತೆ ಚೆನ್ನಾಗಿದೆ, ಆದರೆ ಈ ಎಳೆದಾಟ ಏನು ಅನ್ನುವುದೇ ಎಲ್ಲರ ಮಾತು. ನಿರೀಕ್ಷೆಯೂ ಜಾಸ್ತಿ ಇತ್ತು ಅನ್ನಿ. ಸರಣಿಯ ಇಬ್ಬರು ಸೃಷ್ಟಿಕರ್ತರಲ್ಲಿ ಒಬ್ಬರಾದ ಆರನ್ ಎಹಾಜ್ ಹಿಂದೆ ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’ ಅನ್ನುವ ಅನಿಮೇಷನ್ ಸರಣಿಗೆ ಮುಖ್ಯ ಬರಹಗಾರರಾಗಿದ್ದವರು. ಅದರಲ್ಲಿ ಸೊಕ್ಕಾ ಅನ್ನುವ ಪಾತ್ರಕ್ಕೆ ದನಿ ಕೊಟ್ಟ ಜ್ಯಾಕ್ ಡಿಸೇನಾ ಇಲ್ಲಿ ಕಥಾನಾಯಕ, ರಾಜಕುಮಾರ ಕ್ಯಾಲಮ್‌ಗೆ ದನಿ ಕೊಟ್ಟಿದ್ದಾರೆ. ಕ್ಯಾಲಮ್ ಬಾಯಿ ತೆಗೆದ ಕೂಡಲೇ ಹಳೆಯ ಅಭಿಮಾನಿಗಳಿಗೆ ರೋಮಾಂಚನ. ಹಾಗಾಗಿ ಹೋಲಿಕೆ ತಪ್ಪಿಸಲು ಆಗುತ್ತಲೇ ಇರಲಿಲ್ಲ. ಎಲ್ಫ್ ಕುಲದ ಹುಡುಗಿ ರೇಲಾಳ ಸ್ಕಾಟಿಷ್ ಧಾಟಿಯ ಇಂಗ್ಲಿಷ್ ಬಗ್ಗೆ ಎರಡು ಪಕ್ಷ ಆದವು. ಬೇಟ್ ಅನ್ನುವ ಸಿಡುಕು ಮುಖದ ಕಪ್ಪೆ ಮಾತ್ರ ಎಲ್ಲ ಪಕ್ಷಕ್ಕೂ ಇಷ್ಟವಾಯಿತು.

ಇಷ್ಟೆಲ್ಲ ಈಗ ಯಾಕೆ ಅಂದರೆ, ಈಗ ನಾನೇ ಒಂದು ಅನಿಮೇಷನ್ ತುಣುಕು ಮಾಡುತ್ತಿದ್ದೇನೆ. ಹನ್ನೆರಡು ಸೆಕೆಂಡ್, ಅಷ್ಟೇ. ಬೆಳದಿಂಗಳು, ಒಂದು ಬಾವಿ ಕಟ್ಟೆ, ಕಟ್ಟೆಯ ಮೇಲೆ ಮರಿ ಡ್ರ್ಯಾಗನ್. ಹುಡುಗಿಯೊಬ್ಬಳು ನಡೆದು ಬಂದು ಕೈ ಸನ್ನೆ ಮಾಡಿ ಕರೆಯುತ್ತಾಳೆ. ಮರಿ ಕೆಳಗೆ ಹಾರುತ್ತದೆ. ಅವತ್ತು ಬೈದವರಲ್ಲಿ ನಾನೂ ಒಬ್ಬ. ಬೈದದ್ದು ಸರಿಯಾ ಅಂತ ಕೈಯಾರೆ ಮಾಡಿ ನೋಡೋಣ ಅಂತ ಹೊರಟೆ.

ಡ್ರ್ಯಾಗನ್‌ಗೆ ಮಾದರಿ ನಮ್ಮ ಮನೆ ಕಾಂಪೌಂಡ್ ಮೇಲೆ ದಿನಾ ಬಿಸಿಲು ಕಾಯಿಸುವ ಓತಿಕ್ಯಾತ. ಶಿವಮೊಗ್ಗದಲ್ಲಿ ಕೂತವನಿಗೆ ಇದಕ್ಕಿಂತ ಒಳ್ಳೆಯ ಡ್ರ್ಯಾಗನ್ ಎಲ್ಲಿ ಸಿಗಬೇಕು? ರೆಕ್ಕೆ ಅಂಟಿಸಿದರೆ ಮುಗಿಯಿತು.

ಎರಡನೇ ವಾರ, ಮಂಗಳವಾರ

ಲೆಕ್ಕ ಬರೆದಿಟ್ಟುಕೊಳ್ಳುತ್ತೇನೆ, ಮುಂದೆ ನನಗೇ ಬೇಕಾಗುತ್ತದೆ. ಸೆಕೆಂಡಿಗೆ 24 ಫ್ರೇಮ್. ಪ್ರತಿ ಫ್ರೇಮ್‌ಗೂ ಹೊಸ ಚಿತ್ರ ಇದ್ದರೆ ಅದನ್ನು ‘ಆನ್ ವನ್ಸ್’ ಅನ್ನುತ್ತಾರೆ. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ‘ಆನ್ ಟೂಸ್’, ಸೆಕೆಂಡಿಗೆ 12 ಚಿತ್ರ. ಮೂರು ನಿಲ್ಲಿಸಿದರೆ ‘ಆನ್ ಥ್ರೀಸ್’, 8 ಚಿತ್ರ. ನಾಲ್ಕಾದರೆ ‘ಆನ್ ಫೋರ್ಸ್’, 6. ಕೈಯಲ್ಲಿ ಬರೆದ ಕಾರ್ಟೂನ್‌ಗಳು ಬಹಳ ಹಿಂದಿನಿಂದ ಟೂಸ್‌ನಲ್ಲೇ ಓಡುತ್ತಿವೆ. ಜಪಾನಿನ ಟಿವಿ ಅನಿಮೆಗಳಲ್ಲಿ ಥ್ರೀಸ್ ಮಾಮೂಲು. ಯಾರೂ ರೂಟರ್ ಆಫ್ ಮಾಡುವುದಿಲ್ಲ.

ಡ್ರ್ಯಾಗನ್ ಪ್ರಿನ್ಸ್ ಕೈಯಲ್ಲಿ ಬರೆದದ್ದಲ್ಲ. ಪಾತ್ರಗಳು ಕಂಪ್ಯೂಟರಿನ ತ್ರೀಡಿ ಗೊಂಬೆಗಳು. ಅವಕ್ಕೆ ಚಿತ್ರದ ಹಾಗೆ ಕಾಣುವ ಬಣ್ಣ, ಗೆರೆ. ಹಿನ್ನೆಲೆ ಮಾತ್ರ ಬಿಡಿಸಿದ್ದು. ಕೆನಡಾದ ವ್ಯಾಂಕೂವರ್‌ನ ಬಾರ್ಡೆಲ್ ಎಂಟರ್‌ಟೈನ್‌ಮೆಂಟ್ ಇದನ್ನು ಅನಿಮೇಟ್ ಮಾಡಿದ್ದು. ತ್ರೀಡಿ ಗೊಂಬೆ ಕೈಯಲ್ಲಿ ಬರೆದ ಚಿತ್ರದ ಹಾಗೆ ಕಾಣಲಿ ಅಂತ ಬೇಕಂತಲೇ ಚಿತ್ರಗಳ ಸಂಖ್ಯೆ ಕಡಿಮೆ ಇಟ್ಟಿದ್ದರು.

ನನ್ನದೂ ಅದೇ ದಾರಿ. ಬ್ಲೆಂಡರ್ ಅನ್ನುವ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಹುಡುಗಿಯ ನಡಿಗೆ ಮೊದಲು ನುಣ್ಣಗೆ ಮಾಡಿದೆ. ಆಮೇಲೆ ಗ್ರಾಫ್ ಎಡಿಟರ್‌ನಲ್ಲಿ ‘ಸ್ಟೆಪ್ಡ್ ಇಂಟರ್‌ಪೊಲೇಷನ್’ ಮಾಡಿಫೈಯರ್ ಹಾಕಿ ಸ್ಟೆಪ್ 3 ಕೊಟ್ಟೆ, ಅಂದರೆ ಒಂದು ಚಿತ್ರ ಮೂರು ಫ್ರೇಮ್ ನಿಲ್ಲುವ ಹಾಗೆ. ಆ ಮಾಡಿಫೈಯರ್ ಗ್ರಾಫಿನ ಪ್ರತಿ ಗೆರೆಗೂ, ಅಂದರೆ ಗೊಂಬೆಯ ಒಂದೊಂದು ಮೂಳೆಯ ಚಲನೆಗೂ, ಬೇರೆ ಬೇರೆ ಹಾಕಬೇಕು. ಒಂದಕ್ಕೆ ಹಾಕಿ ಉಳಿದವಕ್ಕೆ ಕಾಪಿ ಮಾಡುವಾಗ ಎಡಗೈ ಮೂಳೆಗಳು ತಪ್ಪಿಹೋದವು. ಮೈಯೆಲ್ಲ ತಡೆದು ತಡೆದು ನಡೆಯುತ್ತಿದೆ, ಎಡಗೈ ಮಾತ್ರ ಬೆಣ್ಣೆಯ ಹಾಗೆ ಜಾರುತ್ತಿದೆ. ಕೈಗೆ ಮಾತ್ರ ದೆವ್ವ ಮೆಟ್ಟಿಕೊಂಡ ಹಾಗೆ. ಆ ವಿಡಿಯೊ ಇಟ್ಟುಕೊಂಡಿದ್ದೇನೆ, ಬೇಜಾರಾದಾಗ ನೋಡಲು.

ಎರಡನೇ ವಾರ, ಭಾನುವಾರ

ಕೈ ಸರಿಮಾಡಿ ನೋಡಿದೆ. 2018ರ ಆ ರಾತ್ರಿಯೇ ಮರಳಿ ಬಂದ ಹಾಗಾಯಿತು. ಅದೇ ಎಳೆದಾಟ!

ತಮಾಷೆ ಏನೆಂದರೆ, ಅದೇ ಸ್ಟೆಪ್ 3ರಲ್ಲಿ, ಆಮೇಲೆ ಸ್ಟೆಪ್ 4ರಲ್ಲೂ, ಮರಿ ಡ್ರ್ಯಾಗನ್ ಸೊಗಸಾಗಿ ಕಾಣುತ್ತಿದೆ. ಕಾರಣ ಕಾಂಪೌಂಡ್ ಮೇಲೇ ಇತ್ತು. ಓತಿಕ್ಯಾತ ಹೇಗೆ ಓಡಾಡುತ್ತದೆ ನೋಡಿ. ಸರ್ರನೆ ಎರಡು ಹೆಜ್ಜೆ, ನಿಲ್ಲುವುದು. ತಲೆ ಎರಡು ಸಲ ಕುಕ್ಕುವುದು, ನಿಲ್ಲುವುದು. ಅದರ ಮೈಯಲ್ಲೇ ನಿಲುಗಡೆ ಇದೆ. ಚಿತ್ರ ನಿಂತರೂ ಅದೇ ನಿಂತಿತು ಅನಿಸುತ್ತದೆ. ಹುಡುಗಿ ಹಾಗಲ್ಲ, ನಿಧಾನವಾಗಿ ನಿಲ್ಲದೆ ನಡೆದು ಬರುತ್ತಾಳೆ. ನಿಧಾನದ ಚಲನೆಯಲ್ಲಿ ಕಣ್ಣಿಗೆ ಪುರುಸೊತ್ತು ಜಾಸ್ತಿ, ಒಂದೊಂದು ತಡೆಯೂ ಲೆಕ್ಕಕ್ಕೆ ಸಿಗುತ್ತದೆ.

ತಕ್ಷಣ ಹೋಗಿ ಮೊದಲ ಎಪಿಸೋಡ್ ಮತ್ತೆ ನೋಡಿದೆ, ಎಂಟನೇ ಸಲವೋ ಒಂಬತ್ತನೇ ಸಲವೋ. ರೇಲಾ ಕಾಡಿನಲ್ಲಿ ಸೈನಿಕನನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯದಲ್ಲಿ ನನಗೆ ಏನೂ ತೊಂದರೆ ಅನಿಸಲಿಲ್ಲ. ಓಟ, ಕತ್ತಿ, ಹಾರಾಟ ಎಲ್ಲ ಸರಿ. ಕೊನೆಗೆ ಅವನ ಕಣ್ಣಲ್ಲಿ ಹೆದರಿಕೆ ಕಂಡು ಕೊಲ್ಲದೆ ಬಿಡುತ್ತಾಳಲ್ಲ, ಆ ಕ್ಷಣವೂ ಸರಿ, ಯಾಕೆಂದರೆ ಅಲ್ಲಿ ಇಬ್ಬರೂ ನಿಂತಿದ್ದಾರೆ. ನನಗೆ ಕಸಿವಿಸಿ ಆಗುವುದು ಅರಮನೆಯಲ್ಲಿ ಸುಮ್ನೆ ಮಾತಾಡುತ್ತಾ ತಲೆ ತಿರುಗಿಸುವಾಗ, ನಿಧಾನ ನಡೆಯುವಾಗ. ಹೊಡೆದಾಟ ಓಕೆ, ಮಾತುಕತೆ ನೋಡೋಕಾಗಲ್ಲ ಅಂತ ಅವತ್ತು ತಂಗಿ ಹೇಳಿದ್ದಳು. ವಿಚಿತ್ರ ದೂರು ಅಂತ ನಕ್ಕಿದ್ದೆ. ಸರಿಯಾಗೇ ಹೇಳಿದ್ದಳು.

ಕ್ಯಾಮೆರಾದ್ದು ಇನ್ನೊಂದು ಪಾಠ. ಹುಡುಗಿಯ ಜೊತೆಗೇ ಕ್ಯಾಮೆರಾ ಜರುಗಲಿ ಅಂತ ಮಾಡಿದ್ದೆ. ಕ್ಯಾಮೆರಾ ಸೆಕೆಂಡಿಗೆ 24 ಸಲ ಜರುಗುತ್ತದೆ, ಹುಡುಗಿ 8 ಸಲ. ಅವಳು ನಿಂತ ಎರಡು ಫ್ರೇಮ್‌ನಲ್ಲಿ ಕ್ಯಾಮೆರಾ ಮುಂದೆ ಹೋಗಿಬಿಡುತ್ತದೆ, ಅವಳು ಹಿಂದಕ್ಕೆ ಜಾರಿದ ಹಾಗೆ ಕಾಣುತ್ತಾಳೆ. ಮತ್ತೆ ನೆಗೆದು ಮುಂದೆ ಬರುತ್ತಾಳೆ. ಪೂರ್ತಿ ನಡಿಗೆ ಹೀಗೇ ನಡುಗುತ್ತದೆ. ಕ್ಯಾಮೆರಾ ನಿಲ್ಲಿಸಿಬಿಟ್ಟೆ. ಲಾಭವೂ ಆಯಿತು. ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಒಂದು ಫ್ರೇಮ್ ರೆಂಡರ್ ಆಗಲು, ಅಂದರೆ ಪೂರ್ತಿ ಚಿತ್ರವಾಗಿ ತಯಾರಾಗಲು, ಮೂರು ನಿಮಿಷ ಬೇಕು. ಹನ್ನೆರಡು ಸೆಕೆಂಡ್ ಅಂದರೆ 288 ಫ್ರೇಮ್, ಹದಿನಾಲ್ಕು ಗಂಟೆಗೂ ಜಾಸ್ತಿ. ಕ್ಯಾಮೆರಾ ನಿಂತಿದ್ದರೆ ಬದಲಾಗುವ ಚಿತ್ರ ಮಾತ್ರ ರೆಂಡರ್ ಮಾಡಿದರೆ ಸಾಕು. ಆನ್ ಟೂಸ್ ಆದರೆ 144. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ತಿಂಡಿ ಹೊತ್ತಿಗೆ ತಯಾರು.

ಮೂರನೇ ವಾರ

ಕೆಲಸ ಇಲ್ಲ. ಆಫೀಸ್ ಡೆಡ್‌ಲೈನ್.

ನಾಲ್ಕನೇ ವಾರ

ಮರಿ ಕಟ್ಟೆಯಿಂದ ಹಾರುವ ಭಾಗ ಮಾಡಿದೆ. ಹಾರುವ ಮೊದಲು ಮೈ ಕುಗ್ಗಿಸಬೇಕು, ಆಗಲೇ ಹಾರಿದ್ದಕ್ಕೆ ತೂಕ ಬರುವುದು. ಚೆನ್ನಾಗಿಯೇ ಕುಗ್ಗಿಸಿದ್ದೆ. ಪ್ಲೇ ಮಾಡಿದರೆ ಕುಗ್ಗುವುದೇ ಕಾಣುತ್ತಿಲ್ಲ! ಯಾರೋ ದಾರ ಕಟ್ಟಿ ಎಳೆದ ಹಾಗೆ ಮೇಲೇಳುತ್ತದೆ. ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಪೂರ್ತಿ ಕುಗ್ಗಿದ ಭಂಗಿ ಇದ್ದದ್ದು 11ನೇ ಫ್ರೇಮ್‌ನಲ್ಲಿ. ಸ್ಟೆಪ್ 3 ಹಾಕಿದ ಮಾಡಿಫೈಯರ್ 9ನೇ ಫ್ರೇಮ್ ತೋರಿಸುತ್ತದೆ, ಆಮೇಲೆ ನೇರ 12. ನಡುವಿನದು ಅದರ ಲೆಕ್ಕಕ್ಕೇ ಇಲ್ಲ. ನನ್ನ ಇಡೀ ದೃಶ್ಯದ ಒಳ್ಳೆಯ ಚಿತ್ರವನ್ನೇ ಅದು ತೆಗೆದು ಬಿಸಾಕಿತ್ತು.

ಕೈಯಲ್ಲಿ ಬರೆಯುವವನು ಹೀಗೆ ಮಾಡುವುದಿಲ್ಲ. ಎಂಟೇ ಚಿತ್ರ ಬರೆಯಲು ಅವಕಾಶ ಇದ್ದರೆ ಕುಗ್ಗಿದ ಚಿತ್ರವನ್ನೇ ಮೊದಲು ಬರೆಯುತ್ತಾನೆ. ಮಾಡಿಫೈಯರ್ ಎಲ್ಲ ಕಿತ್ತುಹಾಕಿದೆ. ಕೀಗಳನ್ನೆಲ್ಲ (ನಾನು ಭಂಗಿ ಗುರುತು ಮಾಡಿಟ್ಟ ಫ್ರೇಮ್‌ಗಳು) ‘ಕಾನ್‌ಸ್ಟಂಟ್’ಗೆ, ಅಂದರೆ ಮುಂದಿನ ಕೀ ಬರುವವರೆಗೆ ಭಂಗಿ ಕದಲದ ಹಾಗೆ, ಬದಲಿಸಿ, ಒಂದೊಂದು ಭಂಗಿಯನ್ನೂ ನಾನೇ ಆರಿಸಿ ಇಡುತ್ತಿದ್ದೇನೆ. ಕೆಲವು ಎರಡು ಫ್ರೇಮ್ ನಿಲ್ಲುತ್ತವೆ, ಕೆಲವು ನಾಲ್ಕು. ಕುಗ್ಗಿದ್ದು ಐದು ಫ್ರೇಮ್. ಒಟ್ಟು ಚಿತ್ರ ಮೊದಲಿಗಿಂತ ಕಡಿಮೆ, ಆದರೂ ನುಣುಪು ಜಾಸ್ತಿ ಅನಿಸುತ್ತದೆ. ಮಹಡಿ ಮನೆಯ ಆರನೇ ಕ್ಲಾಸ್ ಹುಡುಗನಿಗೆ ಹಳೆಯದು ಹೊಸದು ಎರಡೂ ತೋರಿಸಿ, ಯಾವುದರಲ್ಲಿ ಜಾಸ್ತಿ ಚಿತ್ರ ಇದೆ ಅಂತ ಕೇಳಿದೆ. ಒಂದು ಕ್ಷಣವೂ ಯೋಚಿಸದೆ ಹೊಸದನ್ನು ತೋರಿಸಿದ.

ಇದೇ ಹೊತ್ತಿಗೆ ಹಳೆಯ ಒಂದು ಹೊಟ್ಟೆಯುರಿ ನೆನಪಾಯಿತು. ಡ್ರ್ಯಾಗನ್ ಪ್ರಿನ್ಸ್‌ಗೆ ಬೈಗುಳ ಬಿದ್ದ ಮೂರೇ ತಿಂಗಳಿಗೆ, 2018ರ ಡಿಸೆಂಬರ್‌ನಲ್ಲಿ, ‘ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್’ ಬಂತು. ಅದರಲ್ಲೂ ತ್ರೀಡಿ ಗೊಂಬೆಗಳೇ, ಅದರಲ್ಲೂ ಟೂಸ್. ಸ್ಪೈಡರ್-ಮ್ಯಾನ್ ಆಗಲು ಇನ್ನೂ ಕಲಿಯುತ್ತಿರುವ ಹುಡುಗ ಮೈಲ್ಸ್ ಟೂಸ್‌ನಲ್ಲಿ ತಡವರಿಸುತ್ತಾನೆ, ಪಳಗಿದ ಪೀಟರ್ ಅವನ ಪಕ್ಕದಲ್ಲೇ ವನ್ಸ್‌ನಲ್ಲಿ ಹಾರುತ್ತಾನೆ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಟಿವಿ ಸರಣಿಯ ದುಡ್ಡಿಗೂ ಆ ಸಿನಿಮಾದ ದುಡ್ಡಿಗೂ ಅಜಗಜಾಂತರ, ಅದೂ ನಿಜ.

ಐದನೇ ವಾರ

ಕೈ ಸನ್ನೆಯ ವಾರ. ಇದು ಇಷ್ಟು ಕಾಡುತ್ತದೆ ಅಂದುಕೊಂಡಿರಲಿಲ್ಲ.

ಹುಡುಗಿ ಅಂಗೈ ಕೆಳಗೆ ಮಾಡಿ ಬೆರಳು ಮಡಚುತ್ತಾ ‘ಬಾ ಬಾ’ ಅನ್ನಬೇಕು, ನಾವೆಲ್ಲ ಕರೆಯುವ ಹಾಗೆ. ಸೆಕೆಂಡಿಗೆ ಮೂರು ಸಲ ಮಡಚುತ್ತಾಳೆ. ಅಂದರೆ ಒಂದು ಸಲಕ್ಕೆ 8 ಫ್ರೇಮ್. ಈ ಭಾಗ ಆನ್ ಫೋರ್ಸ್ ಇಟ್ಟಿದ್ದೆ. ಅಮ್ಮನಿಗೆ ತೋರಿಸಿದೆ.

“ಪಾಪ, ಯಾಕೆ ಅದನ್ನ ಓಡಿಸ್ತಿದ್ದಾಳೆ?”

ಓಡಿಸ್ತಿಲ್ಲಮ್ಮ, ಕರೀತಿದ್ದಾಳೆ ಅಂದೆ. ಅಮ್ಮ ನಂಬಲಿಲ್ಲ. ಆಮೇಲೆ ಕೂತು ಎಣಿಸಿದೆ. 8 ಫ್ರೇಮ್‌ಗೆ ಎರಡೇ ಚಿತ್ರ: ಬೆರಳು ಚಾಚಿದ್ದು, ಬೆರಳು ಮಡಚಿದ್ದು. ‘ಬಾ’ ಅನ್ನುವಾಗಲೂ ಅವೆರಡೇ, ‘ಹೋಗು’ ಅನ್ನುವಾಗಲೂ ಅವೆರಡೇ. ಕರೆಯುವಾಗ ಬೆರಳು ಬೇಗ ಒಳಗೆ ಬಂದು ನಿಧಾನ ಹೊರಗೆ ಹೋಗುತ್ತದೆ. ಓಡಿಸುವಾಗ ಅದರ ಉಲ್ಟಾ. ಅರ್ಥ ಇರುವುದು ನಡುವಿನ ಆ ದಾರಿಯಲ್ಲಿ. ನಾನು ಕತ್ತರಿಸಿದ್ದು ಅದನ್ನೇ.

ಆಗ ಜನರಲ್ ಅಮಾಯಾ ನೆನಪಾದಳು. ಮೊದಲ ಸೀಸನ್‌ನಲ್ಲಿ ಅಭಿಮಾನಿಗಳು ಮನಸಾರೆ ಮೆಚ್ಚಿದ ಪಾತ್ರ ಅದು. ಕಿವಿ ಕೇಳಿಸದ ಸೇನಾಧಿಪತಿ, ಅಮೆರಿಕನ್ ಸಂಜ್ಞಾ ಭಾಷೆಯಲ್ಲಿ ಮಾತಾಡುತ್ತಾಳೆ. ಸಾಮಾನ್ಯವಾಗಿ ಗ್ರೆನ್ ಅನ್ನುವ ಸಹಾಯಕ ಅವಳ ಮಾತನ್ನು ಬಾಯಲ್ಲಿ ಹೇಳುತ್ತಾನೆ. ಆದರೆ ತೀರಿಹೋದ ಅಕ್ಕ, ರಾಣಿ ಸರಾಯ್‌ಳ ಪ್ರತಿಮೆಯ ಮುಂದೆ ಅವಳೊಬ್ಬಳೇ ನಿಂತು ಸನ್ನೆಯಲ್ಲಿ ಮಾತಾಡುವಾಗ ಗ್ರೆನ್‌ನ ದನಿಯೂ ಇಲ್ಲ, ಕೆಳಗೆ ಅಕ್ಷರವೂ ಇಲ್ಲ. ಆ ಭಾಷೆ ಗೊತ್ತಿದ್ದ ಅಭಿಮಾನಿಗಳು ಅದನ್ನು ಬಿಡಿಸಿ ಉಳಿದವರಿಗೆ ಹೇಳಿದರು. ಒಂದು ಕಡೆ ಕದಲಿಕೆ ಸರಿಯಿಲ್ಲ ಅಂತ ಬೈಗುಳ, ಇನ್ನೊಂದು ಕಡೆ ಅದೇ ಸರಣಿಯ ಎರಡು ಕೈಗಳನ್ನು ಕಣ್ಣು ಕೀಲಿಸಿ ಓದುವ ಜನ. ಆ ಕೈಗಳನ್ನು ಅನಿಮೇಟ್ ಮಾಡಿದವರ ಮೇಲೆ ಗೌರವ ಈಗ ದುಪ್ಪಟ್ಟಾಗಿದೆ. ನನಗೆ ಒಂದು ‘ಬಾ’ ಹೇಳಿಸಲು ಐದು ದಿನ ಹಿಡಿಯಿತು.

ಕೊನೆಗೆ ಕೈಯೊಂದನ್ನೇ ವನ್ಸ್‌ಗೆ ಏರಿಸಬಹುದಿತ್ತು, ಏರಿಸಲಿಲ್ಲ. ದೆವ್ವದ ಎಡಗೈ ನೆನಪಿದೆಯಲ್ಲ! ಹುಡುಗಿಯನ್ನು ಪೂರ್ತಿ ಟೂಸ್‌ಗೆ ತಂದೆ. ಒಂದು ಮಡಚುವಿಕೆಗೆ ನಾಲ್ಕು ಚಿತ್ರ. ಒಂದು ಚಾಚಿದ್ದು, ಒಂದು ಪೂರ್ತಿ ಮಡಚಿದ್ದು, ಎರಡು ನಿಧಾನವಾಗಿ ವಾಪಸ್ ಹೋಗುವುದು. ಮರಿ ಡ್ರ್ಯಾಗನ್ ಮಾತ್ರ ತನ್ನ ನಿಂತು ನಿಂತು ಓಡುವ ಚಾಳಿಯಲ್ಲೇ ಇರಲಿ.

ಆರನೇ ವಾರ

ಹೊಸ ರೆಂಡರ್ ಓಡುತ್ತಿದೆ. ಕಾಯುತ್ತಾ ಉಳಿದ ಸೀಸನ್‌ಗಳ ಮೊದಲ ಎಪಿಸೋಡ್‌ಗಳನ್ನು ಸಾಲಾಗಿ ನೋಡಿದೆ.

ಮೊದಲ ಸೀಸನ್ ಆದಮೇಲೆ ತಂಡ ಜನರ ದೂರು ಕೇಳಿಸಿಕೊಂಡಿತ್ತು, ಮುಂದಿನದರಲ್ಲಿ ತಿದ್ದುತ್ತೇವೆ ಅಂದಿತ್ತು. ಎರಡನೇ ಸೀಸನ್ 2019ರ ಫೆಬ್ರವರಿ 15ರಂದು ಬಂತು, ಐದೇ ತಿಂಗಳಲ್ಲಿ. ಅವತ್ತು ನಾನೂ ತಂಗಿಯೂ ಮೊದಲ ಎರಡು ನಿಮಿಷ ಕತೆಯನ್ನೇ ನೋಡಲಿಲ್ಲ, ಬರೀ ಕೈಕಾಲು ತಲೆ ನೋಡಿದೆವು. ಸರಿಹೋಗಿದೆ ಅಂತ ಖಾತ್ರಿಯಾದ ಮೇಲೆ ಹಿಂದಕ್ಕೆ ಎಳೆದು ಮೊದಲಿನಿಂದ ನೋಡಿದೆವು. ಮೂರನೇ ನಿಮಿಷಕ್ಕೆ ಆ ವಿಷಯವೇ ಮರೆತುಹೋಗಿತ್ತು. ಮ್ಯಾಜಿಕ್‌ಗೆ ಆಧಾರವಾಗಿದ್ದ ಕಲ್ಲನ್ನು ತಾನೇ ಒಡೆದ ಕ್ಯಾಲಮ್ ಇನ್ನು ಹೇಗೆ ಮಾಂತ್ರಿಕನಾಗುತ್ತಾನೆ, ಮಾಟ ಬಲ್ಲ ಅವನ ಗೆಳತಿ ಕ್ಲಾಡಿಯಾಳನ್ನು ನಂಬಬಹುದಾ, ಇದೇ ಜಗಳ.

ನಾಲ್ಕನೆಯದು 2022ರ ನವೆಂಬರ್ 3ರಂದು. ಮೂರನೇ ಸೀಸನ್ ಬಂದು ಹತ್ತಿರ ಹತ್ತಿರ ಮೂರು ವರ್ಷ ಆಗಿತ್ತು. ಕತೆಯೊಳಗೂ ಎರಡು ವರ್ಷ ದಾಟಿಬಿಟ್ಟಿದ್ದರು. ರೇಲಾ ಯಾಕೆ ಕ್ಯಾಲಮ್‌ನನ್ನು ಬಿಟ್ಟುಹೋಗಿದ್ದಳು ಅನ್ನುವುದು ‘ಥ್ರೂ ದ ಮೂನ್’ ಅನ್ನುವ ಕಾಮಿಕ್ಸ್‌ನಲ್ಲಿದೆ. ಅದನ್ನು ಓದದ ತಂಗಿ, ನಡುವೆ ಒಂದು ಎಪಿಸೋಡ್ ತಪ್ಪಿಸಿಕೊಂಡೆ ಅಂತ ಹುಡುಕುತ್ತಾ ಕೂತಿದ್ದಳು. ನುಣುಪಾಗಿ ಓಡುತ್ತಿದೆ ಅಂತ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈ ಸಲ ನೋಡುವಾಗಲೇ ಅದು ಗಮನಕ್ಕೆ ಬಂದದ್ದು.

ರೆಂಡರ್ ಮುಗಿಯಿತು. ಅಮ್ಮನನ್ನು ಅಡುಗೆಮನೆಯಿಂದ ಕರೆದೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಹನ್ನೆರಡು ಸೆಕೆಂಡ್ ಪೂರ್ತಿ ನೋಡಿದರು.

“ಹ್ಞಾಂ, ಈಗ ಕರೀತಿದ್ದಾಳೆ.” ಇನ್ನೊಂದು ಸಲ ಹಾಕು ಅಂದರು. ಹಾಕಿದೆ. “ಅಲ್ಲಾ, ಬಾವಿ ಅಂತೀಯ, ರಾಟೆ ಎಲ್ಲಿ? ಹಗ್ಗ ಎಲ್ಲಿ? ಕೊಡ ಬೇಡ್ವಾ?”

ಈ ವಾರ ರಾಟೆ ಮಾಡುತ್ತಿದ್ದೇನೆ.