ಬಿಳಿ ಎಲೆಗಳ ಬೋಗುಣಿ

ಅಮ್ಮ ಲಂಡನ್ನಿಗೆ ಬಂದಿದ್ದಾಗ ಒಂದು ಶನಿವಾರ ಅವಳನ್ನು ಪಿಂಗಾಣಿ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಜಪಾನಿನ ಪಿಂಗಾಣಿ ಕಲಾವಿದೆ ಹಿಟೋಮಿ ಹೊಸೊನೋ ಮಾಡಿದ ಬೋಗುಣಿಯನ್ನು ಹತ್ತಿರದಿಂದ ನೋಡಬೇಕು ಅಂತ ನನಗೆ ಬಹಳ ದಿನದಿಂದ ಆಸೆಯಿತ್ತು.

ಗಾಜಿನ ಪೆಟ್ಟಿಗೆಯೊಳಗೆ ಅಚ್ಚ ಬಿಳಿ ಬೋಗುಣಿ. ಹೊರಮೈ ತುಂಬ ಎಲೆಗಳು, ಒಂದರ ಮೇಲೊಂದು. ಮೆರುಗು ಹಚ್ಚಿಲ್ಲ. ಪ್ರತಿ ಎಲೆಯಲ್ಲೂ ನರ ಕಾಣುತ್ತೆ, ತುದಿ ಗಾಳಿಗೆ ಮಡಚಿದ ಹಾಗಿದೆ. ಒಳಗೆ ಮಾತ್ರ ಚಿನ್ನದ ರೇಕು. ನಾನು ಸುಮ್ನೆ ನಿಂತುಬಿಟ್ಟೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಈ ಎಲೆ, ಆ ಎಲೆ ಎರಡೂ ಒಂದೇ ಅಳತೆ. ಅಚ್ಚಲ್ಲಿ ತೆಗೆದಿದ್ದು ಅಲ್ವೇನೇ? ನಮ್ಮ ಸಕ್ಕರೆ ಅಚ್ಚಿನ ಹಾಗೆ."

ಅಮ್ಮ ಹೇಳಿದ್ದು ಸರಿಯಾಗಿತ್ತು. ಹೊಸೊನೋ 1978ರಲ್ಲಿ ಜಪಾನಿನ ಗಿಫುವಿನಲ್ಲಿ ಹುಟ್ಟಿದವರು. ಕನಜಾವಾದಲ್ಲಿ ಕುಟಾನಿ ಅನ್ನುವ, ಆ ಕಡೆಯ ಬಣ್ಣದ ಚಿತ್ತಾರದ ಪಿಂಗಾಣಿ ಕಲಿತರು. ಆಮೇಲೆ ಕೋಪನ್‌ಹೇಗನ್, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅವರಿಗೆ ದಾರಿ ತೋರಿಸಿದ್ದು ಇಂಗ್ಲೆಂಡಿನ ವೆಜ್‌ವುಡ್ ಕಂಪನಿ 1770ರ ದಶಕದಿಂದ ಮಾಡುತ್ತಿರುವ ಜಾಸ್ಪರ್ ಪಾತ್ರೆಗಳು. ನೀಲಿ ಮೈಮೇಲೆ ಬಿಳಿ ಹೂಬಳ್ಳಿ ಇರುತ್ತಲ್ಲ, ಅವು. ಆ ಹೂವುಗಳನ್ನು ಅಚ್ಚಿನಲ್ಲಿ ತೆಗೆದು ಅಂಟಿಸುತ್ತಾರೆ. ಅಲ್ಲಿ ಅದು ಬರೀ ಅಲಂಕಾರ. ಹೊಸೊನೋ ಕೈಯಲ್ಲಿ ಅದೇ ಇಡೀ ಪಾತ್ರೆಯಾಗುತ್ತದೆ. ತಿಗರಿಯ ಮೇಲೆ ಬೋಗುಣಿ ಮಾಡಿ, ಅಚ್ಚಿನಿಂದ ಬಂದ ಪ್ರತಿ ಎಲೆಯನ್ನೂ ಕೈಯಿಂದ ಮತ್ತೆ ಕೊರೆದು, ಕೆಳಗಿನ ಮೈ ಕಾಣದ ಹಾಗೆ ನೂರಾರು ಎಲೆ ಜೋಡಿಸುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಅವರ ಕೆಲಸವಿದೆ.

ಇದೆಷ್ಟು ಕಷ್ಟ ಅಂತ ನನಗೆ ಗೊತ್ತಿತ್ತು. ಸಂಜೆ ಕ್ಲಾಸಿನಲ್ಲಿ ನಾನೂ ಒಂದು ಬಟ್ಟಲಿಗೆ ಹನ್ನೆರಡೇ ಎಲೆ ಅಂಟಿಸಿದ್ದೆ. ಒಣಗುವಾಗ ಮಣ್ಣು ಕುಗ್ಗುತ್ತೆ. ತೆಳು ಎಲೆ ಬೇಗ ಒಣಗುತ್ತೆ, ದಪ್ಪ ಬಟ್ಟಲು ನಿಧಾನ. ಎರಡೂ ಒಂದೇ ಹದದಲ್ಲಿ ಕುಗ್ಗದಿದ್ದರೆ ಬಿರುಕು ಗ್ಯಾರಂಟಿ. ಮುಚ್ಚಿಟ್ಟು, ನಿಧಾನಕ್ಕೆ ಒಣಗಿಸಬೇಕಿತ್ತು. ನಾನು ಎರಡೇ ದಿನಕ್ಕೆ ಪ್ಲಾಸ್ಟಿಕ್ ತೆಗೆದಿದ್ದೆ. ಐದು ಎಲೆ ಉದುರಿದವು, ಬಟ್ಟಲೂ ಸೀಳಿತು. ಆವತ್ತು ಬಹಳ ಬೇಜಾರಾಗಿತ್ತು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಬೋಗುಣಿಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡಳು. "ಸಕ್ಕರೆ ಅಚ್ಚೂ ಹಾಗೇ. ಆರೋದಕ್ಕೆ ಮುಂಚೆ ಬಿಚ್ಚಿದರೆ ಗಿಳಿಯ ಕೊಕ್ಕು ಮುರಿಯುತ್ತೆ" ಅಂದಳು. ಆಮೇಲೆ ಎಲೆ ಎಣಿಸತೊಡಗಿದಳು. ಅರ್ಧದಲ್ಲಿ ಲೆಕ್ಕ ತಪ್ಪಿತು, ಮೊದಲಿಂದ ಶುರು ಮಾಡಿದಳು. ಆ ಒಂದೇ ಬೋಗುಣಿಯ ಮುಂದೆ ನಾವು ಅರ್ಧ ಗಂಟೆ ಇದ್ದೆವು.

ಮನೆಗೆ ಬಂದ ಮೇಲೆ ಅಮ್ಮ ನನ್ನ ಒಡೆದ ಬಟ್ಟಲನ್ನು ಕೇಳಿ ತರಿಸಿಕೊಂಡಳು.

"ಇದನ್ನ ಇನ್ನೂ ಸುಟ್ಟಿಲ್ಲ ಅಲ್ವಾ?"

"ಇಲ್ಲಮ್ಮ."

"ಮತ್ತೆ ಯಾಕೆ ಬಿಸಾಡ್ತೀಯಾ? ಮುರಿದ ಅಚ್ಚನ್ನ ತಿರುಗಾ ಪಾಕಕ್ಕೆ ಹಾಕಲ್ವಾ ನಾವು?"

ಬಕೆಟ್ಟಿಗೆ ನೀರು ತುಂಬಿಸಿ ತಂದೆ. ಅಮ್ಮನೇ ತುಂಡುಗಳನ್ನು ಒಂದೊಂದಾಗಿ ಬಿಟ್ಟಳು. ಎಲೆಗಳು ಸಣ್ಣ ಗುಳ್ಳೆ ಬಿಡುತ್ತಾ ಬಿಳಿ ಕೆಸರಾದವು.